ಕಾಪುವಿನ ಹನ್ನೆರಡನೆಯ ಕೆಲಸ

ಬೆಳಿಗ್ಗೆ ಏಳು ಗಂಟೆ. ಕಾರ್ಖಾನೆಯ ವಾಚ್‌ಮನ್ ಬಾವಿಗೆ ಕೊಡಪಾನ ಇಳಿಸಿದ. ಅದು ನೀರಿಗೆ ತಾಗುವ ಮೊದಲು ಸೀರೆಗೆ ತಾಗಿತು. ಬಗ್ಗಿ ನೋಡಿದವನು ಹಗ್ಗವನ್ನು ಅಲ್ಲೇ ಬಿಟ್ಟು ಓಡಿದ.

ಹಿರಿಯಡ್ಕದ ಆ ಗೇರುಬೀಜ ಕಾರ್ಖಾನೆಗೆ ಎಸ್‌ಐ ವಿಜೇತಾ ಬಂದಾಗ ಹೆಣವನ್ನು ಮೇಲೆತ್ತುತ್ತಿದ್ದರು. ಏಪ್ರಿಲ್ ತಿಂಗಳ ಬಾವಿ, ಸೊಂಟದಷ್ಟು ನೀರು. ಸತ್ತವಳು ಅಂಬವ್ವ. ಬಾಗಲಕೋಟೆ ಕಡೆಯಿಂದ ಬಂದು ಇಲ್ಲಿ ಹತ್ತೊಂಬತ್ತು ವರ್ಷ ಬೀಜ ಒಡೆದವಳು. ಸಾವಿಗೆ ಕಾರಣವೂ ಆಗಲೇ ಸಿದ್ಧವಾಗಿತ್ತು. ಕಂಪನಿಯ ಎಚ್‌ಆರ್ ಪ್ರತೀಕ್ ಮಣಿಪಾಲದ ಮುಖ್ಯ ಕಚೇರಿಯಿಂದ ಓಡಿ ಬಂದಿದ್ದ. ಕೈಯಲ್ಲಿ ಒಂದು ಹಾಳೆ.

"ಸ್ವಂತ ಇಚ್ಛೆಯಿಂದ ಕೆಲಸ ಬಿಡ್ತೇನೆ ಅಂತ ಹೆಬ್ಬೆಟ್ಟು ಒತ್ತಿದ್ದಾರೆ ಮೇಡಂ. ಸಂಜೆ ಇಲ್ಲಿನ ಫಾರ್ಮಿನ ಪೆಟ್ಟಿಗೆಗೆ ಹಾಕಿದ್ದಾರೆ. ಆಮೇಲೆ ಬೇಜಾರಾಗಿ ಹಾರಿರಬೇಕು."

ಅವನ ದನಿಯಲ್ಲಿ ದುಃಖಕ್ಕಿಂತ ನೆಮ್ಮದಿಯೇ ಹೆಚ್ಚಿತ್ತು. ವಿಜೇತಾಳಿಗೆ ಅವನ ಕೆನ್ನೆಗೆ ಎರಡು ಬಿಗಿಯುವ ಮನಸ್ಸಾಯಿತು. ಹಾಗೆಲ್ಲ ಮಾಡುವಂತಿಲ್ಲವಲ್ಲ. ಹಾಳೆಯನ್ನು ಇಸಿದುಕೊಂಡಳು.

ಕಾರ್ಖಾನೆ ಮುಚ್ಚುತ್ತಿತ್ತು. ಬೀಜ ಒಡೆಯುವ ಯಂತ್ರ ಕಂಪನಿಯ ಕಾಪುವಿನ ಹೊಸ ಘಟಕಕ್ಕೆ ಬಂದಿತ್ತು. ಇಲ್ಲಿನ ತೊಂಬತ್ತು ಹೆಂಗಸರಲ್ಲಿ ಹನ್ನೆರಡು ಮಂದಿಗೆ ಮಾತ್ರ ಅಲ್ಲಿ ಕೆಲಸ. ವಿಭಾಗ ಯಾವುದೇ ಇರಲಿ, ಮೊದಲು ಸೇರಿದವರಿಗೆ ಮೊದಲ ಹಕ್ಕು. ಪಟ್ಟಿ ನೋಟಿಸ್ ಬೋರ್ಡಿನಲ್ಲಿ ನೇತಾಡುತ್ತಿತ್ತು. ಒಬ್ಬೊಬ್ಬಳಿಗೂ ಹೆಸರು ಅಚ್ಚಾದ ಒಂದು ಫಾರ್ಮು, ಅದರಲ್ಲಿ ಎರಡು ಚೌಕ. ಕಾಪುವಿಗೆ ಹೋಗುತ್ತೇನೆ, ಜಾಗವಿಲ್ಲದಿದ್ದರೆ ಕಾನೂನಿನ ಪರಿಹಾರ ಕೊಡಿ ಎಂದು ಮೊದಲನೆಯದು. ನಾನಾಗಿಯೇ ಬಿಡುತ್ತೇನೆ, ಪರಿಹಾರ ಕೇಳುವುದಿಲ್ಲ ಎಂದು ಎರಡನೆಯದು. ಅಡಿಯಲ್ಲಿ ದಪ್ಪ ಅಕ್ಷರದ ಎಚ್ಚರಿಕೆ: ಅಸ್ಪಷ್ಟವಾದ ಸಹಿ, ಹೆಬ್ಬೆಟ್ಟು ಸ್ವೀಕರಿಸಲಾಗುವುದಿಲ್ಲ. ಕೊನೆಯ ಗಡುವು ನಿನ್ನೆ ಸಂಜೆ ಆರು ಗಂಟೆ.

ಅಂಬವ್ವನ ಹೆಸರು ಪಟ್ಟಿಯಲ್ಲಿ ಹನ್ನೆರಡನೆಯದು. ಕೆಲಸ ಸಿಗುವ ಕಟ್ಟಕಡೆಯ ಹೆಸರು. ಆದರೆ ಅವಳ ಫಾರ್ಮಿನಲ್ಲಿ ಗುರುತು ಬಿದ್ದದ್ದು ಎರಡನೆಯ ಚೌಕಕ್ಕೆ. ಕೆಳಗೆ ನೇರಳೆ ಇಂಕಿನ ಹೆಬ್ಬೆಟ್ಟು.

ವಿಜೇತಾ ಹೆಣದ ಪಕ್ಕ ಕುಕ್ಕುರುಗಾಲಿನಲ್ಲಿ ಕುಳಿತು ಕೈಗಳನ್ನು ತಿರುಗಿಸಿ ನೋಡಿದಳು. ಸಿಪ್ಪೆಯ ಎಣ್ಣೆ ತಾಗಿ ತಾಗಿ ಕಪ್ಪಾದ, ಬಿರುಕು ಬಿಟ್ಟ ಬೆರಳುಗಳು. ತುಂಬ ಹೊತ್ತು ನೋಡಿದಳು. ಅವಳ ಕಣ್ಣು ಯಾಕೆ ಒದ್ದೆಯಾಯಿತೆಂದು ಜೊತೆಗಿದ್ದ ಹೆಡ್ ಕಾನ್‌ಸ್ಟೆಬಲ್ ದೇವದಾಸನಿಗೆ ಅರ್ಥವಾಗಲಿಲ್ಲ.

"ಎರಡೂ ಕೈಯ ಫೋಟೊ ತೆಗೀರಿ. ಹತ್ತಿರದಿಂದ," ಎಂದಳು.

* * *

ಮರಣೋತ್ತರ ವರದಿ ಎರಡು ನಾಲಿಗೆಯದು. ತಲೆಯ ಹಿಂಬದಿಯ ಗಾಯ ಬಾವಿಯ ಕಲ್ಲಿನಿಂದ ಆಗಿರಬಹುದು, ಪೆಟ್ಟಿನಿಂದಲೂ ಆಗಿರಬಹುದು. ಸತ್ತದ್ದು ಸಂಜೆ ಐದರಿಂದ ಏಳರೊಳಗೆ.

ಮೊದಲ ಸಂಶಯ ಗಂಡ ಮಲಕಪ್ಪನ ಮೇಲೆ ಬಿತ್ತು. ಕುಡಿಯುತ್ತಾನೆ, ಹೊಡೆಯುತ್ತಾನೆ ಎಂದು ನೆರೆಯವರು ಹೇಳಿದರು. ಅವನೂ ಅಲ್ಲಗಳೆಯಲಿಲ್ಲ. ಆದರೆ ಆ ಸಂಜೆ ಎಂಟರವರೆಗೆ ಅವನು ಅಂಬಲಪಾಡಿಯಲ್ಲಿ ಸ್ಲ್ಯಾಬ್ ಕೆಲಸದಲ್ಲಿದ್ದ. ಗುತ್ತಿಗೆದಾರ ಮೌರಿಸ್ ಅದನ್ನು ಖಚಿತಪಡಿಸಿದ.

"ಆಕಿ ಕೆಲಸ ಬಿಡಾಕಿ ಅಲ್ರೀ ಮೇಡಮ್ಮಾರ," ಎಂದ ಮಲಕಪ್ಪ. "ಕಾಪುಕ್ಕ ಬಸ್ಸು ಎಷ್ಟಕ್ಕದ ಅಂತ ಕೇಳ್ಕೊಂಡು ಬಂದಿದ್ಲು. ಓದಾಕ ಬರೂದಿಲ್ಲಲ್ರೀ, ಫಾರ್ಮ್ ತುಂಬಾಕ ಗೆಳತಿ ಕೈಯಾಗ ಕೊಟ್ಟೀನಿ ಅಂದಿದ್ಲು."

ಎರಡನೆಯ ಸಂಶಯ ಪ್ರತೀಕನ ಮೇಲೆ. ಮಧ್ಯಾಹ್ನ ಅವನು ಅಂಬವ್ವನ ಮೇಲೆ ಕೂಗಾಡಿದ್ದನ್ನು ಹತ್ತು ಜನ ಕೇಳಿದ್ದರು. ಎರಡನೆಯ ಚೌಕಕ್ಕೆ ಗುರುತು ಹಾಕಿ ಎಂದು ಅವನು ಎಲ್ಲರ ಬೆನ್ನು ಬಿದ್ದಿದ್ದ. ಅವನೇ ಆಗಿರಲಿ ಎಂದು ವಿಜೇತಾ ಮನಸಾರೆ ಬಯಸಿದಳು. ಆದರೆ ನಾಲ್ಕರಿಂದ ಏಳರವರೆಗೆ ಅವನು ಮಣಿಪಾಲದ ಮೀಟಿಂಗಿನಲ್ಲಿ ಕಾಫಿ ಕುಡಿಯುತ್ತಿದ್ದುದು ಕ್ಯಾಮೆರಾದಲ್ಲಿತ್ತು.

ಮರುದಿನ ಗೇಟಿನ ಬಳಿ ಪ್ರಫುಲ್ಲಾ ಸಿಕ್ಕಿದಳು. ಒಡೆದ ಬೀಜದ ತಿರುಳನ್ನು ಆರಿಸುವ ಗ್ರೇಡಿಂಗ್ ವಿಭಾಗದವಳು, ಅಂಬವ್ವನ ಊಟದ ಜೊತೆಗಾತಿ. ಎಲ್ಲರಿಗಿಂತ ಹೆಚ್ಚು ಅತ್ತಿದ್ದವಳೂ ಅವಳೇ.

"ಐದೂವರೆಗೆ ಅಂಬಕ್ಕ ಕೈ ತೊಳಿಲಿಕ್ಕೆ ಬಾವಿ ಹತ್ರ ಹೋದ್ಲು. ನಾನು ಬಸ್ಸಿಗೆ ಹೋದೆ. ಕೆಲಸ ಬಿಡ್ತೇನೆ ಅಂತ ನನ್ನ ಹತ್ರ ಮೊದಲೇ ಹೇಳಿದ್ಲು ಮೇಡಂ."

ವಿಜೇತಾ ತಲೆಯಾಡಿಸಿದಳು. ಅವಳ ಕಣ್ಣು ಗೇಟಿನ ಹಾಜರಿ ಯಂತ್ರದ ಮೇಲಿತ್ತು. ಒಳಗೆ ಬರುವವರಲ್ಲಿ ಕೆಲವರು ಅದಕ್ಕೆ ಬೆರಳು ಒತ್ತುತ್ತಿದ್ದರು. ಉಳಿದವರು ವಾಚ್‌ಮನ್‌ಗೆ ಕಾರ್ಡು ತೋರಿಸಿ ಹೋಗುತ್ತಿದ್ದರು. ಆ ಮಧ್ಯಾಹ್ನವೇ ಕಾರ್ಖಾನೆಯ ಎಲ್ಲರ ಬೆರಳಚ್ಚು ತೆಗೆಸಿ ಉಡುಪಿಗೆ ಕಳಿಸಿದಳು.

* * *

ನಾಲ್ಕನೆಯ ದಿನ ಎಲ್ಲರನ್ನೂ ಪ್ಯಾಕಿಂಗ್ ಹಾಲಿಗೆ ಕರೆಸಿದಳು. ಹೆಂಗಸರು ನೆಲದ ಮೇಲೆ, ಪ್ರತೀಕ್ ಕುರ್ಚಿಯ ಮೇಲೆ, ಮಲಕಪ್ಪ ಬಾಗಿಲ ಬಳಿ.

"ನನ್ನ ಅಮ್ಮ ಕಾರ್ಕಳದಲ್ಲಿ ಇಪ್ಪತ್ತೆರಡು ವರ್ಷ ಬೀಜ ಒಡೆದವರು," ಎಂದು ವಿಜೇತಾ ಶುರು ಮಾಡಿದಳು. "ರೇಷನ್ ಅಂಗಡಿಯ ಮೆಷಿನಿಗೆ ಅವರ ಬೆರಳು ಒಮ್ಮೆಯೂ ಹಿಡಿಯಲಿಲ್ಲ. ಸಿಪ್ಪೆಯ ಎಣ್ಣೆ ಬೆರಳಿನ ಗೆರೆಗಳನ್ನೇ ತಿಂದು ಹಾಕಿತ್ತು. ಇಲ್ಲಿ ಒಡೆಯುವವರಿಗೆಲ್ಲ ಕಾರ್ಡು ಕೊಟ್ಟದ್ದು ಯಾಕೆ? ಅದಕ್ಕೇ ಅಲ್ವಾ?"

ಫಾರ್ಮನ್ನು ಎತ್ತಿ ಹಿಡಿದಳು. ಈ ಹೆಬ್ಬೆಟ್ಟಿನಲ್ಲಿ ಗೆರೆಗಳನ್ನು ಒಂದೊಂದಾಗಿ ಎಣಿಸಬಹುದು. ಅಂಬವ್ವ ಒತ್ತಿದ್ದರೆ ಬರುತ್ತಿದ್ದದ್ದು ಬರೀ ಒಂದು ಮಸಿಯ ಮುದ್ದೆ. ಇನ್ನೂ ಒಂದುಂಟು. ಒಡೆದ ಬೆರಳಿನ ಬಿರುಕಿಗೆ ಇಳಿದ ಇಂಕು ಒಂದು ರಾತ್ರಿಯ ನೀರಿಗೆ ಹೋಗುವುದಿಲ್ಲ. ಹೆಣದ ಬೆರಳಿನಲ್ಲಿ ನೇರಳೆಯ ಸುಳಿವೇ ಇರಲಿಲ್ಲ.

ಹಾಗಾದರೆ ಒತ್ತಿದವರು ಎಣ್ಣೆ ಮುಟ್ಟದ ಕೈಯವರು. ಮುದ್ದೆಯಾಗಿ ಒತ್ತಿ ಪಾರಾಗೋಣವೆಂದರೆ ಕಂಪನಿಯ ಎಚ್ಚರಿಕೆ ಅಡ್ಡ ಬಂತು. ಅಂಬವ್ವ ಬಿಟ್ಟರೆ ಕಾಪುವಿನ ಕೆಲಸ ಯಾರಿಗೆ? ಪಟ್ಟಿಯ ಹದಿಮೂರನೆಯ ಹೆಸರಿಗೆ. ಅಂಬವ್ವ ಫಾರ್ಮು ತುಂಬಲು ಕೊಟ್ಟ ಗೆಳತಿ ಯಾರು? ಉಡುಪಿಯ ಬೆರಳಚ್ಚು ವಿಭಾಗದ ವರದಿ ಆ ಬೆಳಿಗ್ಗೆಯೇ ಬಂದಿತ್ತು.

"ಹದಿಮೂರನೆಯ ಹೆಸರು ನಿಮ್ಮದೇ ಅಲ್ವಾ, ಪ್ರಫುಲ್ಲಕ್ಕ?"

ಪ್ರಫುಲ್ಲಾಳ ಪಕ್ಕದಲ್ಲಿದ್ದವರು ಒಬ್ಬೊಬ್ಬರಾಗಿ ಸರಿದು ಕುಳಿತರು.

"ನಾನೂ ಅವಳೂ ಒಟ್ಟಿಗೇ ಸೇರಬೇಕಿತ್ತು ಮೇಡಂ. ಅಕ್ಷಿತಾ ಹುಟ್ಟಿದ್ಲು. ಬಾಣಂತನ ಅಂತ ನಲವತ್ತು ದಿನ ತಡ ಆಯ್ತು. ಆ ನಲವತ್ತು ದಿನಕ್ಕೆ ನಾನು ಹದಿಮೂರು."

ಆ ಮಗಳೀಗ ಮಣಿಪಾಲದಲ್ಲಿ ನರ್ಸಿಂಗ್ ಓದುತ್ತಿದ್ದಳು, ಇನ್ನೆರಡು ವರ್ಷ ಬಾಕಿ. ಅವಳಿಗೆ ತಂದೆಯಿಲ್ಲ. ಕೊನೆಯ ದಿನ ಅಂಬವ್ವ ಬಾವಿಕಟ್ಟೆಯ ಬಳಿ ಫಾರ್ಮು ವಾಪಸ್ ಕೇಳಿದಳಂತೆ. ಪ್ರಫುಲ್ಲಾ ಕೊಡಲಿಲ್ಲ. ಅಂಬವ್ವ ಅವಳ ಚೀಲದಿಂದ ಎಳೆದುಕೊಂಡಳು. ಅಕ್ಷರ ಬಾರದವಳು, ಆದರೆ ತನ್ನ ಬೆರಳು ಗೊತ್ತಿತ್ತು. ಇಷ್ಟು ಚಂದ ಹೆಬ್ಬೆಟ್ಟು ನನಗೆಲ್ಲಿಂದ ಬಂತು ಎಂದು ಕೇಳಿದಳು. ಕಬ್ಬಿಣದ ಬಕೆಟ್ ಪ್ರಫುಲ್ಲಾಳ ಕೈಯಲ್ಲೇ ಇತ್ತು. ಬಾವಿಗೆ ಬಿದ್ದ ಮೇಲೂ ಅಂಬವ್ವ ಸ್ವಲ್ಪ ಹೊತ್ತು ಕರೆಯುತ್ತಿದ್ದಳು. ಪ್ರಫುಲ್ಲಕ್ಕಾ ಎಂದೇ ಕರೆಯುತ್ತಿದ್ದಳು. ಪ್ರಫುಲ್ಲಾ ಕಟ್ಟೆಯ ಮೇಲೆ ಬಿದ್ದಿದ್ದ ಫಾರ್ಮನ್ನು ಪೆಟ್ಟಿಗೆಗೆ ಹಾಕಿ ಬಸ್ಸು ಹಿಡಿದಳು.

ಮಲಕಪ್ಪ ಬಾಗಿಲಿಗೆ ಹಣೆ ಚಚ್ಚಿಕೊಂಡು ಅತ್ತ. ಈ ಫಾರ್ಮು ಸುಳ್ಳು, ನಿನ್ನ ಹೆಂಡತಿ ಕೆಲಸದಲ್ಲಿರುವಾಗಲೇ ಸತ್ತವಳು, ಅವಳ ಹಕ್ಕು ಬಿಡಬೇಡ ಎಂದು ವಿಜೇತಾ ಅವನಿಗೆ ಬಿಡಿಸಿ ಹೇಳಿದಳು. ಅವನಿಗೆ ಅದೇನೂ ಕೇಳಿಸಿದಂತಿರಲಿಲ್ಲ.

* * *

ವಿಜೇತಾಳಿಗೆ ಇನ್ನೊಂದು ಸಂಗತಿ ಗೊತ್ತಿತ್ತು. ಮಣಿಪಾಲದ ಕಚೇರಿಯಿಂದ ತರಿಸಿದ ಕಾಗದಗಳಲ್ಲಿ ಅದಿತ್ತು. ಪಟ್ಟಿ ಬೋರ್ಡಿಗೆ ಏರುವ ಹತ್ತು ದಿನ ಮೊದಲೇ ಕಾಪುವಿನ ಕೆಲಸವನ್ನು ಯಂತ್ರ ಮಾರಿದವರಿಗೇ ಗುತ್ತಿಗೆ ಕೊಟ್ಟಾಗಿತ್ತು. ಆಳುಗಳನ್ನು ಅವರೇ ಹೊರಗಿನಿಂದ ತರುವವರು.

ಹೆಂಗಸರಿಗೆ ಯಾಕೆ ಹೇಳಲಿಲ್ಲವೆಂದು ಪ್ರತೀಕನನ್ನು ಪಕ್ಕಕ್ಕೆ ಕರೆದು ಕೇಳಿದಳು.

"ಕೆಲಸ ಇಲ್ಲ ಅಂದ್ರೆ ತೊಂಬತ್ತು ಜನವೂ ಒಟ್ಟಾಗಿ ಪರಿಹಾರ ಕೇಳ್ತಾರೆ ಮೇಡಂ. ಹನ್ನೆರಡು ಕೆಲಸ ಉಂಟು ಅಂದ್ರೆ ಒಬ್ಬರ ಮುಖ ಒಬ್ಬರು ನೋಡ್ತಾ ಕೂತ್ಕೊಳ್ತಾರೆ," ಎಂದ. ತುಸು ಧೈರ್ಯ ಬಂದು ಮುಂದುವರಿಸಿದ: "ಕೊಲೆಗೂ ನಮಗೂ ಸಂಬಂಧ ಇಲ್ಲ. ಇದಕ್ಕೆ ಯಾವ ಸೆಕ್ಷನ್ ಹಾಕ್ತೀರಿ?"

ಕಾಗದದ ಪ್ರತಿಯನ್ನು ಕಾರ್ಮಿಕ ಇಲಾಖೆಗೆ ಕಳಿಸುತ್ತೇನೆಂದಳು. ಕಳಿಸಿ ಎಂದು ಅವನು ಕಾರು ಹತ್ತಿದ.

ಜೀಪು ಹೊರಟಿತು. ಪ್ರಫುಲ್ಲಾ ಬಂಧನದ ವೇಳೆ ಮತ್ತೆ ಬೆರಳಚ್ಚು ತೆಗೆದ ಹೆಬ್ಬೆರಳನ್ನು ಸೆರಗಿಗೆ ಉಜ್ಜುತ್ತ ಕುಳಿತಿದ್ದಳು.

"ಮೇಡಂ, ಕಾಪುವಿನ ಆ ಕೆಲಸ ಇನ್ನು ಯಾರಿಗೆ?"

ಸುಳ್ಳು ಹೇಳಬಹುದಿತ್ತು. ಬಾವಿಯಿಂದ ಪ್ರಫುಲ್ಲಕ್ಕಾ ಎಂದು ಕರೆದವಳು ವಿಜೇತಾಳಿಗೆ ನೆನಪಾದಳು.

"ಯಾರಿಗೂ ಇಲ್ಲ. ಆ ಕೆಲಸ ಇರಲೇ ಇಲ್ಲ."

ಪ್ರಫುಲ್ಲಾ ಉಜ್ಜುವುದನ್ನು ನಿಲ್ಲಿಸಿದಳು. ಹಿರಿಯಡ್ಕ ಪೇಟೆ ದಾಟುವವರೆಗೂ ತನ್ನ ಹೆಬ್ಬೆರಳನ್ನೇ ನೋಡುತ್ತಿದ್ದಳು. ಆಮೇಲೆ ಕೂಗಿಕೊಂಡಳು. ದೇವದಾಸ ಕಿಟಕಿಯ ಗಾಜು ಏರಿಸಿದ.