ತಲವಾರಿನಿಂದ ಕೇಕ್ ಕತ್ತರಿಸಿದವನು

ಬೆಳಗಾವಿಯ ರವಿವಾರ ಪೇಟೆಯ ನಡುರಸ್ತೆಯಲ್ಲಿ ಮಯೂರ ತನ್ನ ಹುಟ್ಟುಹಬ್ಬದ ಕೇಕನ್ನು ತಲವಾರಿನಿಂದ ಕತ್ತರಿಸುತ್ತಿದ್ದ. ಸುತ್ತ ಅವನ ಗ್ಯಾಂಗಿನ ಹುಡುಗರು ಶಿಳ್ಳೆ ಹೊಡೆಯುತ್ತ ಮೊಬೈಲಿನಲ್ಲಿ ವಿಡಿಯೋ ಮಾಡುತ್ತಿದ್ದರು. ಸ್ಕೂಟಿಗೆ ದಾರಿ ಸಿಗದೆ ನಿಂತ ರಸಿಕಾ, ಅಲಗಿಗೆ ಮೆತ್ತಿದ್ದ ಕ್ರೀಮು ನೋಡಿ ನಕ್ಕುಬಿಟ್ಟಳು.

“ಕೇಕ್ ಏನ್ ಹೆದರಿಲ್ರಿ. ಜನಾನ ಹೆದರಿಸಬೇಕಂದ್ರ ನಮ್ಮ ನಾಟಕಕ್ಕ ಬರ್ರಿ.”

ಮಯೂರ ಅಣಕಿಸಲೆಂದೇ ತಾಲೀಮಿಗೆ ಬಂದ, ಹುಡುಗರನ್ನೂ ಕಟ್ಟಿಕೊಂಡು. ಹೊಡೆದಾಟಕ್ಕೆ ಬೀಳುವ ಹುಡುಗರನ್ನು ಬೀದಿನಾಟಕಕ್ಕೆ ಎಳೆದು ತರುವುದೇ ರಸಿಕಾಳ ಕೆಲಸ. ತಾಲೀಮಿಗೆ ಬರುವವರು ಚಾಕು, ಚೈನು ಎಲ್ಲ ಬಾಗಿಲಲ್ಲಿದ್ದ ಹಿಟ್ಟಿನ ಡಬ್ಬಿಗೆ ಹಾಕಿಯೇ ಒಳಗೆ ಬರಬೇಕು. ಮಯೂರ ಚಾಕು ಹಾಕುವಾಗ ಡಬ್ಬಿಯನ್ನು ನೋಡುತ್ತಿರಲಿಲ್ಲ, ಅವಳನ್ನು ನೋಡುತ್ತಿದ್ದ. ಅವಳು ಮುಚ್ಚಳ ಹಾಕುವುದನ್ನೇ ಮರೆಯುತ್ತಿದ್ದಳು.

ನಾಟಕದಲ್ಲಿ ಅವನದು ಇರಿತ ತಿಂದು ಸಾಯುವ ಗೆಳೆಯನ ಪಾತ್ರ. ಬಿದ್ದ ಮೇಲೆ, ‘ಯಾರೂ ಹೋಗಬ್ಯಾಡ್ರಿ, ಇದು ನನ್ನ ಕೂಡಾನ ಮುಗೀಲಿ’ ಅನ್ನಬೇಕು. ರಸಿಕಾ ಬರೆದ ಆ ಮಾತಿಗೆ ಬಂದಾಗಲೆಲ್ಲ ಎದ್ದು ಕೂತು ನಗುತ್ತಿದ್ದ.

“ಮೇಡಂ, ಚಾಕು ತಿಂದಾವ ಹಿಂಗ ಮಾತಾಡ್ತಾನೇನ್ರಿ? ಹೊಡದಾವನ ಹೆಸರು ಹೇಳ್ತಾನ. ನಾನಾದ್ರ ಅದನ್ನ ಹೇಳಾವ.”

“ನೀ ಯಾವಾಗ ಸತ್ತಿದ್ದಿ, ನಿನಗ ಗೊತ್ತಿರಾಕ?”

“ನಿಮ್ಮನ್ನ ನೋಡಿದ ದಿವಸ.”

ರಸಿಕಾ ಕೈಲಿದ್ದ ಹಾಳೆ ಸುತ್ತಿ ಅವನ ತಲೆಗೊಂದು ಬಾರಿಸಿದಳು. ಕೆಂಪಾದದ್ದು ಮಾತ್ರ ಅವಳ ಕಿವಿ.

ಖಾನಾಪುರದ ಬಸ್‌ಸ್ಟ್ಯಾಂಡ್ ಹತ್ತಿರದ ಬಯಲಿನಲ್ಲಿ ನಾಟಕದ ಆಟ ಇತ್ತು. ಇರಿತದ ದೃಶ್ಯ ಬರುವ ಹೊತ್ತಿಗೆ, ಮುಖಕ್ಕೆ ಟವೆಲ್ ಕಟ್ಟಿದವನೊಬ್ಬ ಜನರ ನಡುವಿನಿಂದ ಎದ್ದು ಬಂದ. ಆಟದ ತಲವಾರು ರಟ್ಟಿನದು. ಇವನದು ಮಯೂರನ ಭುಜವನ್ನು ಎಲುಬಿನ ತನಕ ಸೀಳಿತು. ಎರಡನೆಯ ಏಟು ಪಕ್ಕೆಗೆ ಬಿತ್ತು. ಜನ ಚಪ್ಪಾಳೆ ತಟ್ಟಿದರು. ಮುಂದೆ ಕೂತಿದ್ದ ಮುದುಕಿಯ ಸೆರಗಿಗೆ ರಕ್ತ ಸಿಡಿದು ಅವಳು ಚೀರಿದಾಗಲೇ ಚಪ್ಪಾಳೆ ನಿಂತದ್ದು.

ಬೀಳುವಾಗ ಮಯೂರ ಆ ಟವೆಲ್ ಎಳೆದಿದ್ದ. ಮುಖ ಕಂಡದ್ದು ಅವನೊಬ್ಬನಿಗೇ. ಹೊಡೆದವ ಗದ್ದಲದಲ್ಲಿ ಓಡಿಹೋದ.

ರಸಿಕಾ ಓಡಿ ಬಂದು ದುಪಟ್ಟಾ ಒತ್ತಿ ಹಿಡಿದಳು. ಬೆರಳ ಸಂದಿಯಿಂದ ಬಿಸಿ ರಕ್ತ ಉಕ್ಕುತ್ತಲೇ ಇತ್ತು. ಅಷ್ಟರಲ್ಲಿ ಹುಡುಗರು, ಆಟಕ್ಕೂ ಜೊತೆಗೆ ತಂದಿದ್ದ ಹಿಟ್ಟಿನ ಡಬ್ಬಿ ಒದ್ದು ಚಾಕು ಬಾಚಿಕೊಂಡಿದ್ದರು. ಮಯೂರನ ಬಲಗೈಯಂತಿದ್ದ ಗುರುಪುತ್ರಪ್ಪ ಮಂಡಿಯೂರಿದ.

“ಯಾರಂತ ಹೇಳೋ. ಇವತ್ತ ಅವನ ಮನಿ ಮುಂದ ಹೆಣಾ ಕೆಡವತೇವಿ.”

ಮಯೂರನ ತುಟಿ ಅಲುಗಿತು. ರಸಿಕಾ ದುಪಟ್ಟಾವನ್ನು ಇನ್ನೂ ಬಲವಾಗಿ ಒತ್ತಿದಳು. ಈಗ ಒಂದು ಹೆಸರು ಹೊರಬಿದ್ದರೆ, ತಿಂಗಳುಗಟ್ಟಲೆ ಕೈಹಿಡಿದು ಕೂರಿಸಿದ್ದ ಈ ಹುಡುಗರಷ್ಟೂ ಕೊಲೆಗಡುಕರಾಗಿ ಹೋಗುತ್ತಿದ್ದರು.

ಅವನು ಅವಳನ್ನೇ ನೋಡಿದ.

“ಯಾರೂ ಹೋಗಬ್ಯಾಡ್ರಿ. ಇದು ನನ್ನ ಕೂಡಾನ ಮುಗೀಲಿ.”

“ನಾಟಕ ಸಾಕೋ, ಹೆಸರು ಹೇಳು.”

ಮಯೂರ ಅದನ್ನೇ ಇನ್ನೊಮ್ಮೆ ಹೇಳಿ ಕಣ್ಣು ಮುಚ್ಚಿದ. ಗುರುಪುತ್ರಪ್ಪ ಚಾಕು ಬಿಸುಟು ಅವನನ್ನು ಎತ್ತಲು ಕಾಲ ಕಡೆ ಕೈ ಹಾಕಿ, ಗಾಡಿ ತರಿಸಿ ಅಂದ.

ಬೆಳಗಾವಿಯ ಆಸ್ಪತ್ರೆಯಲ್ಲಿ ಹೊಲಿಗೆ ಬಿದ್ದು ಎಚ್ಚರವಾದ ಮೇಲೆ ಮಯೂರ ಆ ಹೆಸರನ್ನು ಪೊಲೀಸರಿಗೆ ಹೇಳಿದ. ಅವರು ಹೋದ ಮೇಲೆ ರಸಿಕಾ ಮಂಚದ ಅಂಚಿಗೆ ಕೂತಳು.

“ಕಡೀಕೂ ಆ ಮಾತು ಖರೇ ಅನಿಸ್ತೇನು?”

“ಇಲ್ಲ. ಹೆಸರು ನಾಲಿಗಿ ತುದಿಗೇ ಬಂದಿತ್ತು. ನಿನ್ನ ಮಾತು ತಪ್ಪಿದ್ರ ಮತ್ತ ಹಾಳಿ ಸುತ್ತಿ ಹೊಡೀತಿದ್ದಿ.”

‘ಮೇಡಂ’ ಹೋಗಿ ‘ನೀ’ ಆದದ್ದು ಇಬ್ಬರಿಗೂ ಗೊತ್ತಾಯಿತು. ರಸಿಕಾ ನಗಲು ಹೋಗಿ ಅತ್ತಳು. ಅವಳ ಉಗುರಿನ ಸಂದಿಯಲ್ಲಿ ಇನ್ನೂ ಅವನ ಒಣಗಿದ ರಕ್ತವಿತ್ತು.

“ಮುಂದಿನ ಹುಟ್ಟುಹಬ್ಬಕ್ಕ ಕೇಕ್ ನಾ ತರತೇನಿ. ಬೇಕರಿಯವರು ಪ್ಲಾಸ್ಟಿಕ್ ಚಾಕು ಕೊಡ್ತಾರ, ಅದರಿಂದನ ಕೊಯ್ಯಬೇಕು.”

“ಮುಂದಿನ ವರ್ಷ ಅಷ್ಟೇನು?”

ಅವಳು ಅವನ ಗಾಯವಿಲ್ಲದ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

“ಪ್ರತಿ ವರ್ಷಾ.”