ಗಿರಣಿ ನಿಲ್ಲುವ ಎರಡು ಗಂಟೆ

"ನೀವೇನು ಮನುಷ್ಯರೇನ್ರೀ!"

ಗಿರಣಿಯ ಸದ್ದಿನಲ್ಲಿ ಕೇಳಿಸಬೇಕಾದರೆ ಅಷ್ಟು ಜೋರಾಗಿಯೇ ಕಿರುಚಬೇಕಿತ್ತು, ಅದರಲ್ಲಿ ಅವಳ ತಪ್ಪೇನೂ ಇಲ್ಲ. ಆದರೆ ಗ್ರಹಚಾರ ನೋಡಿ... ಅವಳು ಬಾಯಿ ತೆರೆದದ್ದಕ್ಕೂ ಗಿರಣಿಯವನು ಸ್ವಿಚ್ ಆರಿಸಿದ್ದಕ್ಕೂ ಸರಿಹೋಯಿತು! ಇಡೀ ಬೀದಿಯಲ್ಲಿ ಅವಳ ದನಿಯೊಂದೇ ಮೊಳಗಿತು.

ಡಬ್ಬಿ ಹಿಡಿದು ಸಾಲಿನಲ್ಲಿ ನಿಂತಿದ್ದ ಐದಾರು ಹೆಂಗಸರು ಒಟ್ಟಿಗೆ ತಿರುಗಿ ನೋಡಿದರು.

ಅವನೂ ತಿರುಗಿದ. ತಲೆಗೂದಲು, ಹುಬ್ಬು, ರೆಪ್ಪೆ ಎಲ್ಲ ಹಿಟ್ಟುಮಯ. ಆ ಬಿಳುಪಿನ ನಡುವೆ ಎರಡು ಕಪ್ಪು ಕಣ್ಣುಗಳು ಅವಳನ್ನೇ ನೋಡುತ್ತಿದ್ದವು.

"ಮನುಷ್ಯ ಅಂತಾನೇ ಅಂದ್ಕೊಂಡಿದ್ದೀನಿ," ಎಂದ, ಕಿವಿಯ ಹಿಟ್ಟು ಒರೆಸಿಕೊಳ್ಳುತ್ತ. "ಯಾಕೆ, ಏನಾಯ್ತು ಹೇಳಿ?"

ಬೆಳಗ್ಗೆಯಿಂದ ನಾಲ್ಕು ಸಲ ಮನಸ್ಸಿನಲ್ಲೇ ಅಭ್ಯಾಸ ಮಾಡಿಕೊಂಡು ಬಂದಿದ್ದ ಮಾತೆಲ್ಲ ಅವಳಿಗೆ ಮರೆತೇಹೋಯಿತು.

"ನಾವು... ಪಕ್ಕದ ಮನೆಗೆ ಹೊಸದಾಗಿ ಬಂದಿರೋರು. ನನಗೆ ಕೆಲಸ ಇರುತ್ತೆ. ಈ ಸದ್ದು..."

"ಗಿರಣಿ ಅಂದ್ಮೇಲೆ ಸದ್ದು ಮಾಡ್ದೆ ಇನ್ನೇನು ಜೋಗುಳ ಹಾಡುತ್ತಾ ತಾಯೀ?" ಎಂದಳು ಸಾಲಿನಲ್ಲಿದ್ದ ಮುದುಕಿ. ಎಲ್ಲರೂ ಘೊಳ್ಳೆಂದು ನಕ್ಕರು.

ಅವನೊಬ್ಬ ನಗಲಿಲ್ಲ. ಆದರೆ ಅದನ್ನು ಗಮನಿಸುವಷ್ಟು ಹೊತ್ತು ಅವಳು ಅಲ್ಲಿ ನಿಂತಿದ್ದರೆ ತಾನೆ? ಮುಖ ಕೆಂಪಗೆ ಮಾಡಿಕೊಂಡು ಓಡಿ ಮನೆ ಸೇರಿದ್ದಳು.

*

ಈ ಊರಿಗೆ ಬರೋಣ ಎಂದು ಹಟ ಹಿಡಿದವಳು ಅವಳೇ. ಅದೇ ಅವಳ ಸಂಕಟ!

ಅಪ್ಪ ಮೂವತ್ತೊಂದು ವರ್ಷ ಸಿಟಿ ಬಸ್ ಓಡಿಸಿ ನಿವೃತ್ತರಾಗಿದ್ದರು. ಅಮ್ಮ ಮನೆಯಲ್ಲೇ ಹೊಲಿಗೆ ಮಾಡುತ್ತಿದ್ದರು. ಅವಳದು ಕಥೆಗಳನ್ನು ಓದಿ ದನಿ ಮುದ್ರಿಸುವ ಕೆಲಸ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಪ್ರೇಮಕಥೆ ಕೇಳುವ ಜನ ಎಷ್ಟಿಲ್ಲ! ಅವರಿಗಾಗಿ ಅವಳು ನಗುತ್ತಿದ್ದಳು, ಅಳುತ್ತಿದ್ದಳು, ಮುನಿಸಿಕೊಳ್ಳುತ್ತಿದ್ದಳು. ಆದರೆ ನಾಲ್ಕು ರಸ್ತೆ ಸೇರುವಲ್ಲಿದ್ದ ಆ ಮನೆಯಲ್ಲಿ, ನಾಯಕಿ ಬಿಕ್ಕಿದಾಗಲೆಲ್ಲ ಹಿಂದೊಂದು ಹಾರ್ನ್!

"ಹಳ್ಳಿಗೆ ಹೋಗೋಣಪ್ಪ. ಅಲ್ಲಿ ಸೂಜಿ ಬಿದ್ರೂ ಕೇಳುತ್ತೆ. ನಿಮಗೂ ಒಳ್ಳೇ ಗಾಳಿ," ಎಂದು ಆರು ತಿಂಗಳು ಬೆನ್ನು ಬಿದ್ದು ಒಪ್ಪಿಸಿದ್ದಳು. ಮನೆ ನೋಡಲು ಬಂದದ್ದು ಒಂದು ಮಂಗಳವಾರ. ಬೀದಿಯಲ್ಲಿ ನಿಜಕ್ಕೂ ಒಂದು ಪಿಸುಮಾತೂ ಇರಲಿಲ್ಲ. ಮಂಗಳವಾರ ಗಿರಣಿಗೆ ವಾರದ ರಜೆಯೆಂದು ಯಾರೂ ಹೇಳಲಿಲ್ಲ, ಇವರೂ ಕೇಳಲಿಲ್ಲ.

ಬಂದು ಮೂರು ವಾರವಾಗಿತ್ತು. ಅಪ್ಪ ಸಂಜೆಯಾದರೆ ಗೇಟಿನ ಬಳಿ ಕುರ್ಚಿ ಹಾಕಿಕೊಂಡು ದಿನಕ್ಕೆರಡು ಸಲ ಬರುವ ಬಸ್ಸನ್ನೇ ಕಾಯುತ್ತ ಕೂರುತ್ತಿದ್ದರು. ಅಮ್ಮನ ಹೊಲಿಗೆ ಯಂತ್ರದ ಮೇಲಿನ ಹೊದಿಕೆ ತೆಗೆದೇ ಇರಲಿಲ್ಲ. ಇಬ್ಬರೂ ಅವಳನ್ನು ದೂರುತ್ತಿರಲಿಲ್ಲ. ಬೈದಿದ್ದರೆ ವಾಸಿಯಿತ್ತು.

'ನನ್ನೊಬ್ಬಳ ಸ್ವಾರ್ಥಕ್ಕೆ ಇವರನ್ನ ಎಲ್ಲಿಗೆ ತಂದು ಹಾಕ್ದೆ... ಅಷ್ಟು ಮಾಡಿಯೂ ನನ್ನ ಕೆಲಸವಾದ್ರೂ ಆಗ್ತಿದೆಯಾ? ಅದೂ ಇಲ್ಲ!'

ಸದ್ದು ತಡೆದೀತೆಂದು ತಾನೇ ಕಂಬಳಿ ತುಂಬಿಸಿದ್ದ ಬೀರುವಿನೊಳಗೆ ಅವಳು ತಲೆ ತೂರಿಸಿ ಅತ್ತಳು. ಅಲ್ಲಿಗೂ ಗಿರಣಿಯ ಸದ್ದು ಬರುತ್ತಿತ್ತು.

*

ಮರುದಿನ ಬೆಳಗ್ಗೆ ಕಾಂಪೌಂಡ್ ಗೋಡೆಯಾಚೆಯಿಂದ ಯಾರೋ ಕೂಗಿದರು.

"ರೀ, ಇವ್ರೇ! ದಿನಕ್ಕೆ ಎಷ್ಟೊತ್ತು ಬೇಕು ನಿಮಗೆ?"

ಸ್ನಾನ ಮಾಡಿ ಬಂದಿದ್ದ. ಹಿಟ್ಟಿಲ್ಲದ ಮುಖ ಕಂಡು ಅವಳಿಗೆ ಗುರುತೇ ಸಿಗಲಿಲ್ಲ. ಗುರುತು ಸಿಕ್ಕಮೇಲೆ, 'ಅಯ್ಯೋ, ಇಷ್ಟು ಚೆನ್ನಾಗಿದ್ದಾನಾ!' ಎನ್ನಿಸಿ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

"ಏನು ಎಷ್ಟೊತ್ತು?"

"ಸದ್ದಿಲ್ದೆ ಇರೋದು."

"ಎರಡು... ಎರಡು ಗಂಟೆ ಸಿಕ್ರೆ ಸಾಕು."

"ಹನ್ನೊಂದರಿಂದ ಒಂದು. ಗಿರಣಿ ಬೆಲ್ಟಿಗೂ ಸ್ವಲ್ಪ ಸುಧಾರಿಸ್ಕೊಂಡಂಗೆ ಆಗುತ್ತೆ. ಏನು ಕೆಲಸ ನಿಮ್ದು?"

ಪ್ರೇಮಕಥೆ ಓದುವುದು ಎಂದರೆ ಸಿಟಿಯ ನೆಂಟರೇ ಮುಸಿಮುಸಿ ನಗುತ್ತಿದ್ದರು. ಇಲ್ಲಿ ಆ ಮುದುಕಿಗೆ ಗೊತ್ತಾದರೆ ಮುಗಿದೇ ಹೋಯಿತು. ಅವಳು ತಡವರಿಸಿದಳು.

"ಫೋನಲ್ಲಿ... ಮಾತಾಡೋ ಕೆಲಸ."

"ಓಹೋ," ಎಂದ. ಇನ್ನೇನೂ ಕೇಳಲಿಲ್ಲ.

ಆ ಒಂದು ಚಿಕ್ಕ ಸುಳ್ಳು ಮುಂದೆ ಅವಳನ್ನು ಎಷ್ಟು ಅಳಿಸುತ್ತದೆಂದು ಆಗ ಗೊತ್ತಿದ್ದರೆ, ಪುಣ್ಯಾತ್ಗಿತ್ತಿ ನಿಜವನ್ನೇ ಹೇಳಿಬಿಡುತ್ತಿದ್ದಳು!

*

ಅಂದಿನಿಂದ ಹನ್ನೊಂದು ಹೊಡೆದರೆ ಗಿರಣಿ ಬಂದ್. ಹೆಂಗಸರು ಗೊಣಗಿದರು. ಅವನು ಜಗ್ಗಲಿಲ್ಲ. ಕೊನೆಗೆ ಅವರೇ ಸಮಯ ಬದಲಾಯಿಸಿಕೊಂಡರು. ಕಾಯುವ ಹೊತ್ತಿನಲ್ಲಿ ಅಮ್ಮನ ಬಳಿ ಬಂದು ಕೂತರು, ಮಾತಿಗೆ ಮಾತು ಬೆಳೆದು ಬಟ್ಟೆ ಹೊಲಿಯಲು ಕೊಟ್ಟರು.

ಸಂಜೆ ಗೋಡೆಯ ಆಚೆ ಅವನು, ಈಚೆ ಅವಳು. ಸದ್ದಿನ ನಡುವೆ ಬೆಳೆದ ಅವನು ಎಲ್ಲವನ್ನೂ ಕೂಗಿಯೇ ಹೇಳುತ್ತಿದ್ದ. ಮೈಕಿನ ಮುಂದೆ ಬದುಕುವ ಅವಳದು ಮೆಲುದನಿ.

"ಸ್ವಲ್ಪ ಮೆಲ್ಲಗೆ ಮಾತಾಡ್ರೀ, ನಾನೇನು ಆಚೆ ಊರಲ್ಲಿದ್ದೀನಾ?"

"ನೀವು ಸ್ವಲ್ಪ ಜೋರಾಗಿ ಮಾತಾಡಿ. ಇಲ್ಲಾಂದ್ರೆ ನಾನು ಹತ್ರ ಬರ್ಬೇಕಾಗುತ್ತೆ," ಎಂದ. ಹೇಳಿದ ಮೇಲೆ ತಾನೇ ನಾಚಿಕೊಂಡು ಕತ್ತು ತುರಿಸಿಕೊಂಡ.

ಅವಳು ಬೇಕೆಂದೇ ಇನ್ನೂ ಮೆಲ್ಲಗೆ ಮಾತಾಡಿದಳು.

ಹೀಗೆ ಎರಡು ತಿಂಗಳು. ಆಮೇಲೊಂದು ದಿನ ಅವನು ಗೋಡೆಯ ಹತ್ತಿರ ಬರಲಿಲ್ಲ. ಮರುದಿನವೂ ಇಲ್ಲ. ಬೀದಿಯಲ್ಲಿ ಎದುರಾದಾಗ ತಲೆ ತಗ್ಗಿಸಿ, "ನಮಸ್ಕಾರ ಮೇಡಂ," ಎಂದು ಸರಿದುಹೋದ.

ಮೇಡಂ!

'ನಾನೇನು ತಪ್ಪು ಮಾಡ್ದೆ? ಏನಂದೆ?' ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ಗಿರಣಿ ಮಾತ್ರ ದಿನವೂ ಹನ್ನೊಂದಕ್ಕೆ ನಿಲ್ಲುತ್ತಿತ್ತು. ಆ ಎರಡು ಗಂಟೆ ಅವಳಿಗೆ ಓದಲಾಗುತ್ತಿರಲಿಲ್ಲ.

ಹೀಗೆ ಹತ್ತು ಹನ್ನೆರಡು ದಿನ ಕಳೆದು, ಒಂದು ಬುಧವಾರ, ಅವಳು ಕಥೆ ಓದಿ ಕಳಿಸುತ್ತಿದ್ದ ಸ್ಟುಡಿಯೋದ ಮ್ಯಾನೇಜರ್ ಫೋನ್ ಮಾಡಿದರು. ಖಾಯಂ ಕೆಲಸ, ಸದ್ದು ನುಸುಳದ ಸ್ವಂತ ಕೋಣೆ, ಸಿಟಿಯಲ್ಲೇ ಇರಬೇಕು, ಶನಿವಾರದೊಳಗೆ ಉತ್ತರ ಬೇಕು. ಮೂರು ತಿಂಗಳ ಹಿಂದಾಗಿದ್ದರೆ ಕುಣಿದಾಡುತ್ತಿದ್ದಳು.

ಅದೇ ಸಂಜೆ ಅಮ್ಮ ಅಂಗಿಗೆ ಗುಂಡಿ ಹೊಲಿಯುತ್ತ ಹೇಳಿದರು, "ಗಿರಣಿಯವನು ಕೇಳ್ತಿದ್ದ ಕಣೇ, ನಿಮ್ಮ ಮಗಳು ಯಾವಾಗ ಸಿಟಿಗೆ ಹೋಗ್ತಾರೆ ಅಂತ. ಬೆಳಗಿನ ಬಸ್ ತಪ್ಪಿದ್ರೆ ನಾನೇ ಸ್ಟೇಷನ್ನಿಗೆ ಬಿಡ್ತೀನಿ ಅಂದ. ಪಾಪ, ಒಳ್ಳೇ ಹುಡುಗ."

ಅವಳ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. ಕಳಿಸಿಕೊಡುವುದಕ್ಕೆ ಇಷ್ಟು ಆತುರವೇ ಇವನಿಗೆ!

"ಅಮ್ಮಾ, ವಾಪಸ್ ಹೋಗೋಣ. ಎಲ್ಲರೂ. ನಾನು ನಿಮ್ಮನ್ನ ಇಲ್ಲಿಗೆ ಕರ್ಕೊಂಡು ಬಂದಿದ್ದೇ ತಪ್ಪು," ಎಂದಳು. ತಿಂಗಳುಗಳಿಂದ ಕಟ್ಟಿಕೊಂಡಿದ್ದ ಮಾತು ಅಳುವಿನೊಂದಿಗೆ ಹೊರಬಂತು. "ನೀವಿಬ್ಬರೂ ಬೇಜಾರಲ್ಲಿದ್ದೀರ, ನನಗೆ ಗೊತ್ತು. ನನ್ನಿಂದ..."

ಅಪ್ಪ ಹಿತ್ತಲಿನಿಂದ ಮಣ್ಣಿನ ಕೈಯಲ್ಲೇ ಒಳಬಂದರು.

"ಯಾರು ಬೇಜಾರಲ್ಲಿರೋದು? ನಾನಾ? ಮೊದಮೊದಲು ಇತ್ತು, ಸುಳ್ಳು ಯಾಕೆ ಹೇಳ್ಲಿ. ಈಗ ಆ ಬಸ್ಸಿನ ಡ್ರೈವರ್ ದಿನಾ ಇಳಿದು ಬಂದು ನನ್ನ ಹತ್ರ ಟೀ ಕುಡೀತಾನೆ. ಬೀನ್ಸು ಈಗ ತಾನೇ ಹೂ ಬಿಟ್ಟಿದೆ. ನೀನು ಹೋಗೋದಾದ್ರೆ ಹೋಗಮ್ಮ, ಕೆಲಸ ದೊಡ್ಡದು. ನಾವು ಬರಲ್ಲ."

ಅಮ್ಮ ದಾರ ಹಲ್ಲಿನಿಂದ ಕತ್ತರಿಸಿ, "ನಂಗೂ ಹನ್ನೆರಡು ಜನರದ್ದು ಹೊಲಿಯೋದಿದೆ," ಎಂದರು.

ಅಂದರೆ ಇಷ್ಟು ದಿನ ಅವರಿಬ್ಬರ ಪಾಲಿನ ಸಂಕಟವನ್ನೂ ಅವಳೊಬ್ಬಳೇ ಪಡುತ್ತಿದ್ದಳು! ಮನಸ್ಸು ಹಗುರಾಗಬೇಕಿತ್ತು. ಆಗಲಿಲ್ಲ. ಇನ್ನು ಹೋಗುವುದಾದರೆ ಒಬ್ಬಳೇ ಹೋಗಬೇಕು. ಇರುವುದಾದರೆ... ಯಾರಿಗಾಗಿ?

*

ಶನಿವಾರ ಹನ್ನೊಂದಕ್ಕೆ ಗಿರಣಿ ನಿಂತಿತು. ಅವಳು ಮೈಕಿನ ಮುಂದೆ ಕೂರದೆ ನೇರ ಅಲ್ಲಿಗೇ ನಡೆದಳು.

ಅವನೊಬ್ಬನೇ ಮೂಲೆಯ ಹಿಟ್ಟು ಗುಡಿಸುತ್ತಿದ್ದ. ಅವಳನ್ನು ಕಂಡು ಪೊರಕೆ ಕೆಳಗಿಟ್ಟ.

"ನನ್ನನ್ನ ಕಳಿಸೋಕೆ ಅಷ್ಟು ಅವಸರ ಯಾಕೆ ನಿಮಗೆ?" ಎಂದು ಕೇಳಿದಳು. "ಎರಡು ಗಂಟೆ ಗಿರಣಿ ನಿಲ್ಲಿಸಿ ಸಾಕಾಯ್ತಾ? ನೇರವಾಗಿ ಹೇಳ್ಬಹುದಿತ್ತಲ್ಲ!"

"ಅವಸರ ನನಗಾ?" ಅವನು ಎಂದಿನಂತೆ ಕೂಗಲಿಲ್ಲ. "ಅಲ್ಲಿ ಒಬ್ರು ಕಾಯ್ತಿದ್ದಾರಲ್ಲ... ಪಾಪ, ಅವ್ರನ್ನೂ ಯಾಕೆ ನೋಯಿಸ್ತೀರ, ಹೋಗಿ."

"ಯಾರು ಕಾಯ್ತಿದ್ದಾರೆ?"

"ಬೇಡ ಬಿಡಿ ಮೇಡಂ."

"ಇನ್ನೊಂದ್ಸಲ ಮೇಡಂ ಅಂದ್ರೆ ನೋಡಿ! ಯಾರು?"

ಅವನು ಗೋಡೆ ನೋಡುತ್ತ ಹೇಳಿದ. "ನಾನು ಬೇಕಂತ ಕೇಳಿಸ್ಕೊಂಡಿದ್ದಲ್ಲ. ಅವತ್ತು ಗಿರಣಿ ನಿಂತಾಗ ನಿಮ್ಮ ಕಿಟಕಿ ತೆರೆದಿತ್ತು, ಮಾತು ಇಲ್ಲಿಗೂ ಕೇಳಿಸ್ತು. 'ನೀವಿಲ್ಲದ ಈ ಊರಿನಲ್ಲಿ ನನಗೆ ಉಸಿರಾಡಲೂ ಆಗುತ್ತಿಲ್ಲ. ದಯವಿಟ್ಟು ಬಂದು ನನ್ನನ್ನು ಕರೆದೊಯ್ಯಿರಿ'... ಹಾಗಂದ್ರಿ. ಒಂದ್ಸಲ ಅಲ್ಲ, ಆರು ಸಲ! ಒಂದ್ಸಲ ಅಳ್ತಾ, ಒಂದ್ಸಲ ಕೋಪದಲ್ಲಿ, ಒಂದ್ಸಲ ಪಿಸುಗುಟ್ಟಿ... ಆಮೇಲೆ ಕೇಳೋಕಾಗ್ದೆ ನಾನೇ ಎದ್ದು ಹೋದೆ."

ಅವಳು ಕಣ್ಣು ಬಿಟ್ಟುಕೊಂಡು ನಿಂತಳು. ಆಮೇಲೆ ಬಾಯಿಗೆ ಸೆರಗು ಒತ್ತಿಕೊಂಡಳು. ಒತ್ತಿಕೊಂಡರೂ ನಗು ತಡೆಯಲಾಗಲಿಲ್ಲ.

"ನಗ್ತೀರಾ?" ಅವನಿಗೆ ನಿಜಕ್ಕೂ ನೋವಾಯಿತು.

"ಅದು ಕಥೆ ಕಣ್ರೀ! ನಾನು ಪ್ರೇಮಕಥೆ ಓದಿ ರೆಕಾರ್ಡ್ ಮಾಡೋಳು. ದನಿ ಸರಿಬರೋ ತನಕ ಓದ್ತಾನೇ ಇರ್ಬೇಕು, ಅದಕ್ಕೇ ಆರು ಸಲ. ನಿಮಗೆ ಹೇಳೋಕೆ ನಾಚಿಕೆಯಾಗಿ ಫೋನಲ್ಲಿ ಮಾತಾಡೋ ಕೆಲಸ ಅಂದ್ಬಿಟ್ಟೆ... ಅಲ್ಲ, 'ಕರೆದೊಯ್ಯಿರಿ' ಅಂತ ಯಾರಾದ್ರೂ ಫೋನಲ್ಲಿ ಹೇಳ್ತಾರಾ? ಅಷ್ಟೂ ತಿಳಿಯಲ್ವಾ?"

ಅವನು ಪೆಚ್ಚಾಗಿ ನಿಂತ. "ನಂಗೂ ಅನುಮಾನ ಬಂತು... ಆಮೇಲೆ, ಸಿಟಿಯವರು ಪ್ರೀತಿ ಮಾಡಿದ್ರೆ ಹಂಗೇ ಶುದ್ಧವಾಗಿ ಮಾತಾಡ್ತಾರೇನೋ ಅಂದ್ಕೊಂಡೆ."

ಅವಳ ನಗು ಹೇಗೋ ಅಳುವಾಗಿ ತಿರುಗಿತು. ಹದಿನೈದು ದಿನ! ಈ ಪೆದ್ದನಿಗಾಗಿ ಹದಿನೈದು ದಿನ ಅವಳು ಸರಿಯಾಗಿ ಊಟ ಮಾಡಿರಲಿಲ್ಲ.

ಅಷ್ಟರಲ್ಲಿ ಕೈಯಲ್ಲಿದ್ದ ಫೋನ್ ಹೊಡೆದುಕೊಂಡಿತು. ಮ್ಯಾನೇಜರ್.

"ಸ್ಟುಡಿಯೋದವರು," ಎಂದಳು ಕಣ್ಣೊರೆಸಿಕೊಳ್ಳುತ್ತ. "ಸಿಟಿಯಲ್ಲಿ ಖಾಯಂ ಕೆಲಸ ಕೊಡ್ತಾರಂತೆ. ಇವತ್ತೇ ಹೇಳ್ಬೇಕು."

ಫೋನ್ ಹೊಡೆದುಕೊಳ್ಳುತ್ತಲೇ ಇತ್ತು. ಅವನ ಮುಖದ ಬಣ್ಣ ಇಳಿಯಿತು.

"ಒಳ್ಳೇ ಕೆಲಸ ಅಲ್ವಾ..." ಎಂದ. "ನಿಮಗೆ ಇಲ್ಲಿ ಮೊದಲಿಂದ್ಲೂ ಕಷ್ಟಾನೇ. ನಾನು ಹೆಂಗೆ ಹೇಳ್ಲಿ, ನನಗೆ ನಿಮ್ಮ ಕಥೆಯೋರ ಥರ ಮಾತು ಬರಲ್ಲ..."

"ಆ ಮಾತು ದಿನಾ ನಾನೇ ಆಡ್ತೀನಿ, ನನಗೆ ಬೇಡ. ನಿಮಗೆ ಬರೋದನ್ನ ಹೇಳಿ."

ಅವನು ಒಂದು ಹೆಜ್ಜೆ ಮುಂದೆ ಬಂದ. ಬೀದಿಗೆಲ್ಲ ಕೇಳುವಂತೆ ಮಾತಾಡುವ ಆ ಮನುಷ್ಯ, ಅವಳಿಗೂ ಅರ್ಧಂಬರ್ಧ ಕೇಳುವಷ್ಟು ಮೆಲ್ಲಗೆ ಹೇಳಿದ.

"ಹೋಗ್ಬೇಡ."

ಎರಡು ತಿಂಗಳು ಕಾಪಾಡಿಕೊಂಡು ಬಂದ 'ನೀವು' ಅಲ್ಲಿಗೆ ಬಿದ್ದುಹೋಗಿತ್ತು. ಅವನಿಗೆ ಅದು ಗೊತ್ತಾಗಲೇ ಇಲ್ಲ. ಅವಳಿಗೆ ಗೊತ್ತಾಯಿತು, ಮೈ ಜುಮ್ಮೆಂದಿತು.

ಅವಳು ಫೋನ್ ಎತ್ತಿದಳು. "ಸಾರ್, ನಮಸ್ಕಾರ... ಯೋಚನೆ ಮಾಡ್ದೆ ಸಾರ್. ನನಗೆ ಬರೋಕಾಗಲ್ಲ. ಇಲ್ಲಿಂದಲೇ ಎಷ್ಟಾಗುತ್ತೋ ಅಷ್ಟು ಓದಿ ಕಳಿಸ್ತೀನಿ... ಹೌದು ಸಾರ್, ಆ ಕೋಣೆ ಬೇರೆಯವರಿಗೇ ಕೊಡಿ. ಗೊತ್ತು ಸಾರ್, ಮತ್ತೆ ಸಿಗಲ್ಲ ಅಂತ ಗೊತ್ತು."

ಅವಳು ಫೋನ್ ಇಟ್ಟಳು. ಬಿಟ್ಟದ್ದು ಸಣ್ಣದೇನಲ್ಲ, ಅದು ಅವಳಿಗೂ ಗೊತ್ತಿತ್ತು. ಅವನು ಅವಳ ಕೈ ಹಿಡಿದುಕೊಂಡ. ಅವಳ ಅಂಗೈಗೆಲ್ಲ ಹಿಟ್ಟಾಯಿತು.

"ನಂಗೋಸ್ಕರ ಇದ್ದು, ಆಮೇಲೆ ಬೇಜಾರಾದ್ರೆ?" ಎಂದ ಹೆದರುತ್ತ.

"ಆಗುತ್ತೆ," ಎಂದಳು. ಸುಳ್ಳು ಹೇಳಿ ಪಟ್ಟ ಪಾಡು ಸಾಕಾಗಿತ್ತು. "ಸಿಟಿ ನೆನಪಾಗುತ್ತೆ. ಯಾಕಾದ್ರೂ ಬಂದ್ನೋ ಅಂತ ಅನ್ನಿಸುತ್ತೆ. ಕೆಲವು ದಿನ ಮುಖ ಊದಿಸ್ಕೊಂಡು ಕೂತಿರ್ತೀನಿ. ಈಗಲೇ ಹೇಳ್ಬಿಟ್ಟಿದ್ದೀನಿ."

"ಅಂಥ ದಿನ ನಾನೇನು ಮಾಡ್ಲಿ?"

"ಪಕ್ಕದಲ್ಲಿ ಕೂತ್ಕೋ."

"ಏನಾದ್ರೂ ಮಾತಾಡ್ಲಾ?"

"ಬೇಡ. ಸುಮ್ನೆ ಕೂತ್ಕೋ, ಸಾಕು."

"ಸರಿ," ಎಂದ ಅವನು. ಹಿಟ್ಟಿನ ಮೂಟೆಯೊಂದನ್ನು ಎಳೆದು, ಮೇಲಿನ ಧೂಳು ಕೊಡವಿ, ಅದರ ಮೇಲೆ ಅವಳನ್ನು ಕೂರಿಸಿದ. ಮಾತಾಡದೆ ತಾನೂ ಪಕ್ಕದಲ್ಲಿ ಕೂತ.