ಸಾಮಾನ್ಯ ಎಂದು ಬರೆದ ಹನ್ನೊಂದು ಗರಿ

ಭಾನುವಾರ ಕಮ್ಮಾರರ ಕುಲುಮೆಯಲ್ಲಿ ಕುರಿಯ ತಲೆಕಾಲು ಸುಡುವಾಗ ಬರುತ್ತಿದ್ದ ವಾಸನೆ ಡಾ. ಸಿಂಚನಾ ಅವರಿಗೆ ಬಾಲ್ಯದಿಂದ ಗೊತ್ತು. ‘ಗರಿಯೋದುಗ’ ಯಂತ್ರ ಕೆಲಸ ಮಾಡುವಾಗಲೂ ಅದೇ ವಾಸನೆ, ತೀರ ಸಣ್ಣಗೆ. ಗಸಗಸೆಯಷ್ಟು ಗರಿಯ ಚೂರನ್ನು ಅದು ಕಾಯಿಸಿ ಆವಿ ಮಾಡುತ್ತದೆ. ಗರಿ ಬೆಳೆಯುವಾಗ ಹಕ್ಕಿ ಕುಡಿದ ನೀರಿನ ಗುರುತು ಆ ಆವಿಯಲ್ಲಿರುತ್ತದೆ. ಅದರಿಂದ ಹಕ್ಕಿ ಹುಟ್ಟಿದ ನಾಡು ತಿಳಿಯುತ್ತದೆ. ಇನ್ನೊಂದು ಚೂರಿನ ವಂಶವಾಹಿಗಳಿಂದ ಜಾತಿ ತಿಳಿಯುತ್ತದೆ. ಎರಡಕ್ಕೂ ಆರು ನಿಮಿಷ ಸಾಕು.

2059ರ ಫೆಬ್ರವರಿಯ ಒಂದು ಬೆಳಿಗ್ಗೆ, ಬಳ್ಳಾರಿ ಸೀಮೆಯ ಕೆರೆಯಂಚಿನಲ್ಲಿ, ಯಂತ್ರದ ಪರದೆಯ ಮೇಲೆ ಹೆಸರು ಮೂಡಿತು: ದೊಡ್ಡಕೊಕ್ಕಿನ ಜೊಂಡು ಉಲಿಯಕ್ಕಿ. ಹುಟ್ಟಿದ್ದು ಮಧ್ಯ ಏಷ್ಯಾದ ಪಾಮೀರ್ ಕಣಿವೆ.

ಬಲೆ ಕಟ್ಟಿದ್ದ ಹೊನ್ನೂರಮ್ಮ, ಹಕ್ಕಿಯಿದ್ದ ಬಟ್ಟೆಚೀಲಕ್ಕೆ ಗಾಳಿ ತಾಗದಂತೆ ಸೆರಗು ಮರೆಮಾಡಿ ನಿಂತಿದ್ದರು.

“ಹತ್ತೊಂಬತ್ತು ವರ್ಷದಿಂದ ಇದು ಯಾರಿಗೂ ಸಿಕ್ಕಿಲ್ಲ, ಹೊನ್ನೂರಮ್ಮ.”

“ಇದಾ? ಮಣ್ಣಿನ ಬಣ್ಣ ಐತಲ್ರೀ ಮೇಡಂ. ದೇವರು ಬಣ್ಣ ಹಚ್ಚೋದೇ ಮರ್ತಾನ. ಯಂತ್ರ ಹೇಳದಿದ್ರ ಯಾರಿಗೆ ಗುರ್ತು ಸಿಕ್ತಿತ್ತು?”

ಇದರಂತೆಯೇ ಕಾಣುವ ಇನ್ನೊಂದು ಜಾತಿಯ ಉಲಿಯಕ್ಕಿ ಎಲ್ಲೆಲ್ಲೂ ಇದೆ. ಕೊಕ್ಕಿನ ಉದ್ದದಲ್ಲಿ ಮಾತ್ರ ಒಂದೆರಡು ಮಿಲಿಮೀಟರ್ ವ್ಯತ್ಯಾಸ. ಸಿಂಚನಾ ಕಾಲಿಗೆ ಗುರುತಿನ ಉಂಗುರ ತೊಡಿಸಿ, ಚಿತ್ರ ತೆಗೆದು, ಹಕ್ಕಿಯನ್ನು ಅಂಗೈ ಮೇಲೆ ಬಿಟ್ಟರು. ಅದು ಕ್ಷಣ ಕೂತು ಹಾರಿತು.

“ಹೋಗಿ ಬಾರವ್ವಾ,” ಎಂದರು ಹೊನ್ನೂರಮ್ಮ.

ಆಮೇಲೆ ಸಿಂಚನಾ ಚೀಲದಿಂದ ಒಂದು ಹಳೆಯ ನೋಟ್‌ಬುಕ್ ತೆಗೆದರು. 2026ರಲ್ಲಿ ಇದೇ ಕೆರೆಯಲ್ಲಿ ಬರೆದದ್ದು. ಆಗೆಲ್ಲ ಬಟ್ಟೆಚೀಲದಲ್ಲಿ ಉದುರಿ ಉಳಿದ ಗರಿಯನ್ನು ಆ ಹಕ್ಕಿಯ ಅಳತೆಯ ಪಕ್ಕ ಅಂಟಿಸಿಡುವ ರೂಢಿಯಿತ್ತು. ಗರಿಯೋದುಗ ಬಂದು ಎರಡು ವರ್ಷವಾಗಿದ್ದರೂ ಅವನ್ನು ಓದಿಸಲು ಅವರಿಗೆ ಧೈರ್ಯ ಬಂದಿರಲಿಲ್ಲ.

ಬಿಸಿಲು ನೆತ್ತಿಗೇರುವ ಹೊತ್ತಿಗೆ ಮೂವತ್ತು ಗರಿಗಳು ಮುಗಿದವು. ಹನ್ನೊಂದರ ಮುಂದೆ ಬೆಳಗಿನದೇ ಹೆಸರು. ಆ ಹನ್ನೊಂದರ ಪಕ್ಕದಲ್ಲೂ ಸಿಂಚನಾರ ಎಳೆಯ, ದುಂಡನೆಯ ಅಕ್ಷರದಲ್ಲಿ ಒಂದೇ ಮಾತು: ‘ಸಾಮಾನ್ಯ’.

“ಹೊನ್ನೂರಮ್ಮ, ಈ ಕೆರೆಯಲ್ಲಿ ವಿಶೇಷದ ಹಕ್ಕಿ ಯಾವುದೂ ಇಲ್ಲ ಅಂತ ಆಗ ವರದಿ ಕೊಟ್ಟಿದ್ದು ನಾನೇ. ಅದನ್ನು ನಂಬಿಯೇ ಗೋದಾಮು ಕಟ್ಟೋಕೆ ಅರ್ಧ ಕೆರೆ ಮುಚ್ಚಿದರು. ಹನ್ನೊಂದು ಹಕ್ಕಿ ನನ್ನ ಕೈಯಿಂದಲೇ ಹಾರಿಹೋಗಿದ್ದವು. ಸಾಲಾಗಿ ಚೀಲಗಳು ಕಾಯುತ್ತಿದ್ದವು, ಅವಸರವಿತ್ತು. ಕೊಕ್ಕನ್ನು ಎರಡನೇ ಸಲ ಅಳೆಯಲಿಲ್ಲ.”

ಹೊನ್ನೂರಮ್ಮ ಗೋದಾಮಿನ ಕಡೆ ತಿರುಗಿ ನೋಡಿದರು. ಮುಚ್ಚಿದ ಆ ಅರ್ಧದಲ್ಲೇ ಅವರ ಮನೆಯವರು ಜೊಂಡು ಕೊಯ್ದು ಚಾಪೆ ನೇಯುತ್ತಿದ್ದರು.

“ನೀವಾ ಬರ್ದಿದ್ದು?”

“ಹೌದು.”

“ಜೊಂಡು ಹೋದಮ್ಯಾಲ ನಮ್ಮತ್ತಿ ಬರೇ ನೆಲದ ಮ್ಯಾಲ ಕೈಬೆರಳು ಆಡಿಸ್ತಿದ್ಲುರೀ, ನೇಯ್ದಂಗ. ಸಾಯೋತನಕ.”

ಅವರು ಎದ್ದು ದೂರ ಹೋಗಿ, ಬೆನ್ನು ತಿರುಗಿಸಿ ಕೂತರು.

ಸಿಂಚನಾ ಪೆನ್ನು ತೆಗೆದು ಒಂದೊಂದೇ ‘ಸಾಮಾನ್ಯ’ವನ್ನು ಹೊಡೆದುಹಾಕಿ ಸರಿಯಾದ ಹೆಸರು ಬರೆದರು. ಪ್ರತಿ ಸಾಲಿನ ಎದುರಿಗೂ 2026ರ ಒಂದು ತಾರೀಕು ಇತ್ತು. ಆ ದಿನಗಳಲ್ಲಿ ಕೆರೆ ತುಂಬ ಜೊಂಡಿತ್ತು, ಅದರೊಳಗೆ ಹಕ್ಕಿಗಳಿದ್ದವು, ಅಳತೆಪಟ್ಟಿ ಜೇಬಿನಲ್ಲೇ ಇತ್ತು. ಆಗ ಇಂಥ ಯಂತ್ರವೇ ಬೇಕಿರಲಿಲ್ಲ.

ಹೊನ್ನೂರಮ್ಮ ಎದ್ದು ಬಂದರು. ಬುತ್ತಿಗಂಟು ಬಿಚ್ಚಿ, ಒಂದು ಜೋಳದ ರೊಟ್ಟಿಯ ಮೇಲೆ ಪುಂಡಿಪಲ್ಯ ಹಾಕಿ, ಮುಖ ನೋಡದೆ, ಸಿಂಚನಾರ ಕೈಗಿಟ್ಟರು.